ಕಾಲಂ ಹನ್ನೆರಡು

ಹದಿನಾಲ್ಕು ರೂಪಾಯಿ ಕಂದಾಯದ ಗದ್ದೆ ನೋಡಲು
ಎಂಬತ್ತು ರೂಪಾಯಿ ಪೆಟ್ರೋಲು ಸುಟ್ಟು ಬಂದಿದ್ದೇನೆ,
ನಾಪೋಕ್ಲು ದಾಟಿ, ಏರಲೊಲ್ಲದ ಸ್ಕೂಟರನ್ನು
ಒಂದು ಸಿಲ್ವರ್ ಮರಕ್ಕೆ ಒರಗಿಸಿ.

ದೂರು ಬಂದಿದೆ. ಹೆಸರಿಲ್ಲ, ಅಕ್ಷರ ಮಾತ್ರ ಮುದ್ದು:
ಸದರಿ ವರ್ಗದ ಗದ್ದೆ ಪಾಳು. ಬಾಣೆಯಲ್ಲಿ ಪ್ರವಾಸಿಗರಿಗೆ
ಎರಡು ಕೋಣೆ. ಕಂದಾಯವಿಲ್ಲದ ನೆಲದಿಂದ ಕಾಸು.
ವಿಚಾರಿಸಬೇಕಾಗಿ ವಿನಂತಿ.

ಪಿರಿಯಾಪಟ್ಟಣದವಳು ನಾನು, ಹೊಗೆಸೊಪ್ಪಿನ ಬ್ಯಾರನ್ನಿನ
ಬಿಸಿ ಗೋಡೆಗೆ ಬೆನ್ನು ಕೊಟ್ಟು ಪರೀಕ್ಷೆಗೆ ಓದಿದವಳು.
ನಮ್ಮ ಕಡೆ ನೆಲವೆಂದರೆ ನೆಲ, ಎಕರೆಗಿಷ್ಟು.
ಇಲ್ಲಿ ಬಂದು ಕಲಿತೆ:
ಪ್ರತಿ ಗದ್ದೆಯ ಬೆನ್ನಿಗೂ ಒಂದು ಬಾಣೆ.
ಗದ್ದೆಗೆ ಕಂದಾಯ, ಜಮ್ಮಾ ಆದರೆ ಅದೂ ಅರ್ಧ.
ಬಾಣೆಗೆ ಇಲ್ಲ.
ಅದು ಸೊಪ್ಪು ಕೊಡುತ್ತದೆ, ಸೌದೆ ಕೊಡುತ್ತದೆ, ಎತ್ತಿಗೆ ಹುಲ್ಲು.
ಬೇಯಿಸಿ ಬಡಿಸುವವಳ ಹತ್ತಿರ
ಊಟದ ದುಡ್ಡು ಕೇಳುವುದುಂಟೇ?
ಯಾವನೋ ಹಳೆಯ ಗುಮಾಸ್ತ ಹಾಗೆ ಯೋಚಿಸಿರಬೇಕು,
ಟಾಕು ಅದ್ದುವ ಮೊದಲು.

ಈಗ ಎತ್ತಿಲ್ಲ. ಟಿಲ್ಲರು ಹುಲ್ಲು ತಿನ್ನುವುದಿಲ್ಲ.

ಬೊಳ್ಳಮ್ಮ ಗೇಟಿಗೇ ಬಂದು ಕೇಳಿದರು:
"ಕಾಫಿ ಮೊದಲೋ, ತಪ್ಪು ಮೊದಲೋ?"
ಕೋಣೆ ತೋರಿಸಿದರು, ಅಡಗಿಸದೆ. ಎರಡು ಮಂಚ,
ಬಿಳಿ ಹೊದಿಕೆ, ಗೋಡೆಯ ಮೇಲೆ ಮಗಳು ಬರೆದ ಮಂಗಟ್ಟೆ ಹಕ್ಕಿ,
ಕೊಕ್ಕು ಸ್ವಲ್ಪ ಜಾಸ್ತಿಯೇ ದೊಡ್ಡದು.
"ವರ್ಷಕ್ಕೆ ಹನ್ನೊಂದು ಜನ. ಒಬ್ಬ
ಹಾಸಿಗೆಯಲ್ಲಿ ಜಿಗಣೆ ಸಿಕ್ಕಿತು ಅಂತ
ಅರ್ಧ ದುಡ್ಡು ವಾಪಸು ತಗೊಂಡ."
ಜಮ್ಮಾ ದರ, ಅಂದುಕೊಂಡೆ; ಅನ್ನಲಿಲ್ಲ.

ಗದ್ದೆಗೆ ಇಳಿದೆವು. ಮೊದಲ ಮಡಿಯಲ್ಲಿ ಜೊಂಡು.
ಎರಡನೆಯದರಲ್ಲಿ ಆನೆಯ ಹೆಜ್ಜೆಗಳು,
ಹೆಜ್ಜೆ ಹೆಜ್ಜೆಗೂ ನಿಂತ ನೀರು, ನೀರಿನಲ್ಲಿ ಗೊದಮೊಟ್ಟೆ.
ಮೂರನೆಯದು, ನಾಲ್ಕನೆಯದು...
ಫೋನು ಎತ್ತಿದೆ. ಆ್ಯಪು ಕೇಳಿತು: ಭತ್ತವೇ, ಪಾಳೇ?
ಬೆರಳು ಪಾಳಿನ ಮೇಲೆ ಇಳಿಯುವುದರಲ್ಲಿತ್ತು.

"ಇನ್ನೂ ಕೆಳಗೆ," ಎಂದರು.

ತೋಡಿನ ಪಕ್ಕ ಒಂದೇ ಮಡಿ.
ಸುತ್ತ ಸೋಲಾರ್ ತಂತಿ, ಒಳಗೆ ಬಾಗಿದ ತೆನೆ,
ಹಾಲು ಗಟ್ಟಿಯಾಗಿ ಬಣ್ಣ ತಿರುಗುತ್ತಿತ್ತು.
"ಪುತ್ತರಿಗೆ ಕದಿರು ಬೇಕಲ್ಲ. ಮಡಿಕೇರಿ ಪೇಟೆಯಲ್ಲಿ
ಕಟ್ಟಿಗಿಷ್ಟು ಅಂತ ಮಾರುತ್ತಾರಂತೆ. ಅದನ್ನು ತಂದು
ಒಳಗೆ ಹೇಗೆ ಕಟ್ಟಲಿ, ಯಾವ ಮುಖದಲ್ಲಿ?"
ಎಷ್ಟು ಬರುತ್ತದೆ?
"ಅಳೆದಿಲ್ಲ. ತಿನ್ನೋಕಲ್ಲ."

ತಿನ್ನಲಿಕ್ಕಲ್ಲದ ಬೆಳೆಗೆ ಪಟ್ಟಿಯಲ್ಲಿ ಹೆಸರಿಲ್ಲ.

ಬದುವಿನ ಮೇಲೆ ಬೊಳಕ ತಂತಿ ಬಿಗಿಯುತ್ತಿದ್ದ.
ಉತ್ತವನು ಅವನು, ನೆಟ್ಟವಳು ಅವನ ಹೆಂಡತಿ,
ರಾತ್ರಿ ತಗಡು ಬಡಿದು ಆನೆ ಓಡಿಸಿದವರು ಇಬ್ಬರೂ.
"ನಿನ್ನ ಜಾಗ ಎಲ್ಲಿ?"
"ಲೈನ್ ಮನೆ. ನಾಲ್ಕನೇ ಬಾಗಿಲು."
"ಅದಲ್ಲ, ಜಾಗ."
ಅವನು ಬೊಳ್ಳಮ್ಮನ ಕಡೆ ನೋಡಿದ,
ಬೊಳ್ಳಮ್ಮ ತೋಡಿನ ಕಡೆ.
ನನ್ನ ವೃತ್ತದಲ್ಲಿ ಪೂರ್ತಿ ವಿನಾಯಿತಿ ಪಡೆದವನು
ಇವನೊಬ್ಬನೇ ಇರಬೇಕು.

ಬರೆದೆ. ಭತ್ತ, ನಾಲ್ಕು ಸೆಂಟು. ಉಳಿದದ್ದು ಪಾಳು.
ಕೋಣೆಗಳ ಬಗ್ಗೆ ತಹಸೀಲ್ದಾರರಿಗೆ ಪ್ರತ್ಯೇಕ ವರದಿ.
ಬೊಳ್ಳಮ್ಮ ಕನ್ನಡಕ ಹಾಕಿ ಓದಿದರು.
"ಸರಿ. ಜಿಗಣೆಯನ್ನೂ ಬರೆ."

ಕಾಲಂ ಒಂಬತ್ತು: ಒಡೆಯರು. ಆರು ಪಾಲುದಾರರು,
ಅದರಲ್ಲಿ ನಾಲ್ವರು ತೀರಿಹೋದವರು.
ಕಾಲಂ ಹನ್ನೆರಡು: ಸಾಗುವಳಿದಾರ.
ಎಲ್ಲರೂ ಬರೆಯುವುದು, ನಾನೂ ಆರು ವರ್ಷ ಬರೆದದ್ದು: ಸ್ವಂತ.
ಇವತ್ತು ಮೂರಕ್ಷರ ಒತ್ತಿದೆ. ಬೊ. ಳ. ಕ.
ಆ್ಯಪು ಕೆಂಪಾಯಿತು: ಪಟ್ಟಿಯಲ್ಲಿ ಈ ಹೆಸರಿಲ್ಲ,
ಮತ್ತೆ ಪ್ರಯತ್ನಿಸಿ.

ಮತ್ತೆ ಒತ್ತುತ್ತಿದ್ದೆ. ಅವನು ಕೈ ಒರೆಸಿಕೊಂಡು ಬಂದ:
"ಫೋಟೋಕ್ಕೆ ನಾನೂ ನಿಲ್ಲಬೇಕಾ ಅಮ್ಮ,
ಇಲ್ಲ, ತೆನೆ ಮಾತ್ರ ಸಾಕಾ?"